ಶ್ರೀ ಆದಾಯ ಪ್ರಮಾಣಪತ್ರದವರೊಡನೆ ಅರ್ಧ ಗಂಟೆ

ಜಯನಗರ ನಾಲ್ಕನೆಯ ಬ್ಲಾಕಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ, ವಿದ್ಯುತ್ತು ಹೋಗಿ ಯಂತ್ರಗಳೆಲ್ಲವೂ ನಿಶ್ಚೇಷ್ಟಿತವಾಗಿದ್ದ ಮಧ್ಯಾಹ್ನದಲ್ಲಿ, ನನ್ನ ಕಾಗದವನ್ನಿಡಲೆಂದು ಮುಚ್ಚಳವನ್ನೆತ್ತಿದಾಗ ಗಾಜಿನ ಮೇಲೆ ಬೋರಲಾಗಿ ಪವಡಿಸಿದ್ದವರು ಶ್ರೀ ಆದಾಯ ಪ್ರಮಾಣಪತ್ರದವರು. ಯಾರೋ ವಿದ್ಯಾರ್ಥಿನಿ ಅವಸರದಲ್ಲಿ ಮರೆತುಹೋಗಿದ್ದಳು. ಮೈತುಂಬ ಲ್ಯಾಮಿನೇಷನ್ ಎಂಬ ಹೊದಿಕೆ. ಅದನ್ನು ಹೊದಿಸಿದವನು ಆಕೆಯ ತಂದೆಯೇ ಇರಬೇಕು, ಏಕೆಂದರೆ ಕಾಗದಕ್ಕೆ ನೀರು ಸೋಂಕೀತೆಂಬ ಚಿಂತೆ ಸೋರುವ ಸೂರಿನ ಕೆಳಗೆ ಬಾಳುವವರಿಗಲ್ಲದೆ ಅನ್ಯರಿಗೆ ಬಾರದು. ವಿದ್ಯುತ್ತು ಮರಳುವವರೆಗೆ ನಮ್ಮಿಬ್ಬರಿಗೂ ಬೇರೆ ಕಾರ್ಯವಿರಲಿಲ್ಲವಾದುದರಿಂದ ಮಾತಿಗೆ ಮೊದಲಿಟ್ಟೆ.

ನಾನು: ತಮ್ಮ ಜನನ, ವಂಶ?

ಪತ್ರ: ಹುಟ್ಟಿದ್ದು ನಾಡಕಚೇರಿಯಲ್ಲಿ. ಗ್ರಾಮಲೆಕ್ಕಿಗರ ವರದಿ, ರಾಜಸ್ವ ನಿರೀಕ್ಷಕರ ಶಿಫಾರಸು, ಮೇಲಧಿಕಾರಿಗಳ ಡಿಜಿಟಲ್ ಸಹಿ, ಇವು ಮೂರೂ ಕೂಡಿದರೆ ನನ್ನ ಅವತಾರ. ಗ್ರಾಮಲೆಕ್ಕಿಗರನ್ನು ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನಬೇಕಂತೆ. ಹೆಸರು ಬೆಳೆದಿದೆ, ಕುರ್ಚಿ ಅದೇ. ಇದು ಮಹಾನಗರವಲ್ಲವೆ, ಗ್ರಾಮವೆಲ್ಲಿಂದ ಬಂತೆಂದು ಕೇಳಬೇಡಿ. ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಬಹುಮಹಡಿಗಳು ಎಷ್ಟೇ ಎದ್ದಿದ್ದರೂ ಕಂದಾಯದ ಕಡತದಲ್ಲಿ ಈ ಸೀಮೆಯ ಬಹುಭಾಗ ಇಂದಿಗೂ ಉತ್ತರಹಳ್ಳಿ ಹೋಬಳಿಯೇ.

ನಾನು: ತಮ್ಮ ಮೈಮೇಲೆ ವಾರ್ಷಿಕ ಆದಾಯ 48,000 ರೂಪಾಯಿ ಎಂದು ಬರೆದಿದೆ. ಇದನ್ನು ಯಾವ ಗಣಿತದಿಂದ ಕಂಡುಹಿಡಿದರು?

ಪತ್ರ: (ಸ್ವಲ್ಪ ಸಂಕೋಚದಿಂದ) ಆ ತಂದೆ ಗಾರೆ ಕೆಲಸದವನು. ಕೆಲಸವಿದ್ದ ದಿನ ಕೂಲಿ, ಮಳೆ ಬಂದ ದಿನ ಆಕಾಶ. ಆದಾಯವೆಷ್ಟೆಂದು ಅವನನ್ನು ಕೇಳಿದರೆ ಅವನೇನು ಹೇಳಬಲ್ಲ? "ಎಷ್ಟು ಬರೆಯಲಿ?" ಎಂದು ಕೇಳಿದವರಿಗೆ, "ತಮಗೆ ತಿಳಿದಷ್ಟು ಬರೆಯಿರಿ ಸ್ವಾಮಿ, ಮಗಳಿಗೆ ಸ್ಕಾಲರ್‌ಶಿಪ್ ಬಂದರೆ ಸಾಕು" ಎಂದು ಕೈಮುಗಿದ. ತಿಂಗಳಿಗೆ ನಾಲ್ಕು ಸಾವಿರ, ಗುಣಿಸು ಹನ್ನೆರಡು. ಬಡವರ ಆದಾಯದಲ್ಲಿ ಚಿಲ್ಲರೆ ಇರುವುದಿಲ್ಲವೆಂಬುದನ್ನು ತಾವು ಗಮನಿಸಿರಬಹುದು.

ನಾನು: ಆಯುಃಪ್ರಮಾಣ?

ಪತ್ರ: 5 ವರ್ಷ. ಎರಡನೆಯ ವರ್ಷದಲ್ಲಿ ಆತ ಅಟ್ಟಣೆಯಿಂದ ಜಾರಿಬಿದ್ದು ಮೂರು ತಿಂಗಳು ಚಾಪೆ ಹಿಡಿದ. ನಾನು ಮಾತ್ರ 48,000ದಲ್ಲಿಯೇ ಆರೋಗ್ಯವಾಗಿದ್ದೆ. ಮುಂದಿನ ತಿಂಗಳು ನನ್ನ ಅವಧಿ ತೀರುತ್ತದೆ. ಹೊಸ ಪತ್ರ ಹುಟ್ಟುವವರೆಗೆ ಆ ಸಂಸಾರ ಬಡತನದಿಂದ ವಿಮೋಚನೆ ಹೊಂದಿದಂತೆಯೇ ಸರಿ.

ನಾನು: ಅರ್ಹತೆಯ ಎಲ್ಲೆ?

ಪತ್ರ: ಯೋಜನೆಗೊಂದು ಎಲ್ಲೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆಂಗ್ಲ ಸರ್ಕಾರವೇ 1944ರಲ್ಲಿ ಆರಂಭಿಸಿತು. ಕೇಂದ್ರದ ಆ ಯೋಜನೆಗೆ ಗೆರೆ ಎಳೆದಿರುವುದು 2.5 ಲಕ್ಷಕ್ಕೆ. ಗೆರೆಯ ಮೇಲೆ ಒಂದು ರೂಪಾಯಿ ಹೆಚ್ಚಾಗಿ ಗಳಿಸಿದ ತಂದೆಯನ್ನು ಮನೆಮಂದಿ ಎಂದಾದರೂ ಕ್ಷಮಿಸುವರೆ? 2021ರಲ್ಲಿ ಬಂದ ರೈತ ವಿದ್ಯಾನಿಧಿಯಾದರೋ ಜಮೀನಿನ ದಾಖಲೆಯನ್ನು ಹಿಡಿದು ನಡೆಯುತ್ತದೆ. ಪದವಿ ಓದುವ ಹುಡುಗನಿಗೆ 5,000, ಹುಡುಗಿಗೆ 5,500. ಅಲ್ಲಿ ಫ್ರೂಟ್ಸ್ ಸಂಖ್ಯೆ ಕೇಳುತ್ತಾರೆ. ಹಣ್ಣಿನಂಗಡಿಗೆ ಓಡಬೇಡಿ, ಅದು ರೈತರ ನೋಂದಣಿಯ ಹೆಸರು.

ನಾನು: ವಿದ್ಯಾಸಿರಿಯ ವಿಚಾರ?

ಪತ್ರ: ಹಾಸ್ಟೆಲ್ ದೊರೆಯದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆಂದು ತಿಂಗಳಿಗೆ 1,500ರಂತೆ 10 ತಿಂಗಳು. ಉಳಿದೆರಡು ತಿಂಗಳು ಹಸಿವಿಗೂ ಬೇಸಗೆಯ ರಜೆ. ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಮಾಲೀಕರು ಈ ಮೊತ್ತವನ್ನು ಕೇಳಿ ಬಹಳ ಹೊತ್ತು ನಕ್ಕರೆಂದು ನಮ್ಮ ಹುಡುಗಿಯ ಸಹಪಾಠಿಯೊಬ್ಬ ಹೇಳಿದ.

ನಾನು: 1935ರಲ್ಲಿ ಗೌರಿಬಿದನೂರು ಸೀಮೆಯ ಹೊಸೂರಿನಿಂದ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಓದಲು ಬಂದ ಬಾಲಕ, ಮುಂದೆ ಕುಲಪತಿಯಾದ ಎಚ್. ನರಸಿಂಹಯ್ಯನವರು, ತಮ್ಮಂಥವರನ್ನು ಜೊತೆಗೆ ತಂದಿದ್ದರೆ?

ಪತ್ರ: ಪಾದದ ಧೂಳೇ ಅವರ ಪ್ರಮಾಣಪತ್ರ. ವಾರಾನ್ನದ ಕಾಲವನ್ನು ತಾವು ಬಲ್ಲಿರಿ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹುಡುಗನ ಮುಖವನ್ನು ನೋಡಿ ಎಲೆ ಹಾಕುತ್ತಿದ್ದರು. ಕೆಲವೆಡೆ ಮೊದಲು ಜಾತಿಯನ್ನೂ ನೋಡುತ್ತಿದ್ದರು, ಆದುದರಿಂದ ಆ ಕಾಲವನ್ನು ವಿಪರೀತ ಹೊಗಳಲಾರೆ. ಆ ಮಟ್ಟಿಗೆ ನನ್ನ ಕಾಲವೇ ಮೇಲು. ನನಗೆ ಮುಖ ಕಾಣುವುದೇ ಇಲ್ಲ.

ನಾನು: ಈಗಿನ ತೊಡಕೇನು?

ಪತ್ರ: ಬಂಧುಗಳ ಕಲಹ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ. ರಾಜ್ಯ ವಿದ್ಯಾರ್ಥಿವೇತನದ ತಂತ್ರಾಂಶವು ಇವರಿಬ್ಬರೂ ಬೇರೆ ಬೇರೆ ಹುಡುಗಿಯರೆಂದು ತೀರ್ಮಾನಿಸಿತು: ಓದಿದವಳು ಒಬ್ಬಳು, ಬಡವಳು ಇನ್ನೊಬ್ಬಳು. ಅದನ್ನು ಸರಿಪಡಿಸಲು ಒಂದು ಸೆಮಿಸ್ಟರು ಹಿಡಿಯಿತು. ಆ ಮೇಲೆ ಬ್ಯಾಂಕು. ಹಣವು ಆಕೆ ಬರೆದುಕೊಟ್ಟ ಖಾತೆಗೆ ಬಾರದೆ, ಆಧಾರ್ ಜೋಡಣೆಯಾದ ಖಾತೆಯನ್ನು ಅರಸಿಕೊಂಡು ಹೋಗುತ್ತದೆ. ಅದಾದರೋ ಐದನೆಯ ತರಗತಿಯಲ್ಲಿ ಯಾರೋ ತೆರೆಸಿ, ಪಾಸ್‌ಬುಕ್ಕನ್ನು ಇಲಿ ತಿಂದ ಖಾತೆ. ಇಷ್ಟೆಲ್ಲ ಆದರೂ ನನ್ನ ಮೇಲೆ ಆಕೆಗೆ ಎಷ್ಟು ಪ್ರೀತಿ ನೋಡಿ! ಪುಸ್ತಕಗಳ ನಡುವೆ ಮಡಿಕೆ ಬೀಳದಂತೆ ಇಟ್ಟುಕೊಳ್ಳುತ್ತಾಳೆ. ಈ ಹೊತ್ತಿಗೆ ನನ್ನನ್ನು ಕಾಣದೆ ಅಳುತ್ತಿರಬೇಕು.

ಅಷ್ಟರಲ್ಲಿ ದೀಪಗಳು ಬೆಳಗಿದವು. ಏದುಸಿರು ಬಿಡುತ್ತ ಒಳಗೆ ಬಂದ ಹುಡುಗಿ ಅಂಗಡಿಯಾತನನ್ನು ಕೇಳಿದಳು: "ಅಣ್ಣ, ನನ್ನ ಆಧಾರ್ ಕಾರ್ಡ್ ಇಲ್ಲೇನಾದರೂ ಬಿಟ್ಟಿದೀನಾ?"

ಆಧಾರ್ ಕಾರ್ಡು ಮೇಜಿನ ಕೆಳಗೆ ಸಿಕ್ಕಿತು. ನಾನು ಪ್ರಮಾಣಪತ್ರದವರನ್ನು ಎರಡೂ ಕೈಗಳಲ್ಲಿ ಹಿಡಿದು ಮುಂದೆ ಚಾಚಿದೆ.

"ಅದಾ ಸಾರ್? ಇರಲಿ ಬಿಡಿ, ಅದರ ಆರ್‌ಡಿ ನಂಬರ್ ಸಾಕು," ಎಂದವಳೇ, ಮಗ್ಗಿ ಒಪ್ಪಿಸುವ ಮಗುವಿನಂತೆ ಹದಿಮೂರು ಅಂಕಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ, ಬನಶಂಕರಿಯ ಬಸ್ಸಿಗೆ ಓಡಿದಳು.

ಪತ್ರದವರು ಮಾತನಾಡಲಿಲ್ಲ. ನಾನು ಅವರನ್ನು ಮೊದಲಿನಂತೆ ಬೋರಲಾಗಿ ಮಲಗಿಸಿ, ಮುಚ್ಚಳವನ್ನು ಮೆಲ್ಲಗೆ ಇಳಿಸಿದೆ.