ದುಡ್ಡು ಕೊಟ್ಟವನೇ ಮೊದಲ ಆರೋಪಿ

‘ಒಂದೇ ಕೇಬಲ್ ಸಾರ್, ಚುಚ್ಚಿದ್ರೆ ಆಯ್ತು’ ಎನ್ನುತ್ತಾನೆ ಅಂಗಡಿಯ ಹುಡುಗ. ಸುಳ್ಳೇನಲ್ಲ, ಚುಚ್ಚುವುದು ಅರ್ಧ ನಿಮಿಷದ ಕೆಲಸ. ಚುಚ್ಚಿದ ಮೇಲೆ ಪ್ಲೇಯರ್, ರಿಸೀವರ್, ಟಿವಿ ಎಂಬ ಪೆಟ್ಟಿಗೆಗಳು ಒಂದನ್ನೊಂದು ನಂಬಬೇಕಲ್ಲ, ಗ್ರಹಚಾರ ಶುರುವಾಗುವುದು ಅಲ್ಲಿಂದ.

ಎಚ್‌ಡಿಎಂಐ ಕೇಬಲ್ಲಿನೊಳಗೆ ಚಿತ್ರ, ಶಬ್ದಗಳ ಜೊತೆ ಒಂದು ಪೊಲೀಸ್ ವಿಚಾರಣೆಯೂ ನಡೆಯುತ್ತಿರುತ್ತದೆ. ಎಚ್‌ಡಿಸಿಪಿ ಅಂತ ಅದರ ಹೆಸರು. ಸ್ಟ್ರೀಮಿಂಗ್ ಪ್ಲೇಯರ್ ಹೋಮ್ ಥಿಯೇಟರಿನ ರಿಸೀವರನ್ನು ತಡೆದು ಕೇಳುತ್ತದೆ: ಯಾರು ನೀನು? ಲೈಸೆನ್ಸ್ ಎಲ್ಲಿ? ನಿನ್ನ ಹಿಂದೆ ನಿಂತಿರುವ ಆ ಟಿವಿ ಯಾರ ಕಡೆಯವನು? ತೃಪ್ತಿಕರ ಉತ್ತರ ಬಾರದಿದ್ದರೆ ಪರದೆ ಕಪ್ಪು, ಇಲ್ಲವೇ 4ಕೆ ಹೋಗಿ 1080ಪಿ. ಈ ವಿಚಾರಣೆಯ 2.2ನೇ ಆವೃತ್ತಿ ಬಂದದ್ದು 2013ರಲ್ಲಿ. ಅದಕ್ಕೂ ಮುಂಚೆ ಕೊಂಡ ರಿಸೀವರ್ ಎಷ್ಟೇ ಗಟ್ಟಿಮುಟ್ಟಾಗಿ ಹಾಡುತ್ತಿದ್ದರೂ ಕಾಗದಪತ್ರ ಸರಿಯಿಲ್ಲದ ಅಪರಾಧಿ.

ಕಳ್ಳರನ್ನು ಹಿಡಿಯಲು ಇಷ್ಟೆಲ್ಲ ಎನ್ನುತ್ತೀರಾ? ಹಳೆಯ ಆವೃತ್ತಿಯ ಮೂಲ ಕೀಲಿ 2010ರಲ್ಲೇ ಬಯಲಾಗಿ, ಅದನ್ನು ಸೃಷ್ಟಿಸಿದ ಇಂಟೆಲ್ ಕಂಪನಿಯೇ ಹೌದೆಂದು ಒಪ್ಪಿಕೊಂಡಿತು. ಪುಕ್ಕಟೆ ಸಿನಿಮಾ ಇಳಿಸಿ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬಂದವನನ್ನು ಇವತ್ತಿಗೂ ಯಾರೂ ತಡೆಯುವುದಿಲ್ಲ, ಟಿವಿಗೆ ಚುಚ್ಚಿ ಹಾಯಾಗಿ ನೋಡುತ್ತಾನೆ. ತಪಾಸಣೆಯೆಲ್ಲ ತಿಂಗಳು ತಿಂಗಳು ಚಂದಾ ಕಟ್ಟುವ ಪುಣ್ಯಾತ್ಮನಿಗೆ.

ಹಳೆಯ ರಿಸೀವರ್ ಇಟ್ಟುಕೊಂಡವನಿಗೆ ಬಲ್ಲವರು ಅಡ್ಡದಾರಿ ಹೇಳಿಕೊಡುತ್ತಾರೆ. ಪ್ಲೇಯರನ್ನು ನೇರ ಟಿವಿಗೇ ಚುಚ್ಚಿ, ಶಬ್ದವನ್ನು ಮಾತ್ರ ಟಿವಿಯಿಂದ ರಿಸೀವರಿಗೆ ವಾಪಸು ಕಳಿಸಿ. 2009ರಲ್ಲಿ ಬಂದ ಈ ಹಿಂದಾರಿಗೆ ಎಆರ್‌ಸಿ ಎನ್ನುತ್ತಾರೆ. ಟಿವಿಯ ಹಿಂದೆ ಮೂರೋ ನಾಲ್ಕೋ ಕಿಂಡಿ, ಸಾಮಾನ್ಯವಾಗಿ ಅದರಲ್ಲಿ ಒಂದಕ್ಕೆ ಮಾತ್ರ ಈ ಯೋಗ. ಟಿವಿಯನ್ನು ಗೋಡೆಗೆ ಬಡಿದು ಕೂರಿಸಿದವನೇನೋ ಹೋದ. ಈಗ ಯಜಮಾನರು ಕೆನ್ನೆಯನ್ನು ಗೋಡೆಗೆ ಒತ್ತಿ, ಮೊಬೈಲ್ ಟಾರ್ಚ್ ಬಿಟ್ಟು, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕೊರೆದಿರುವ ಕಪ್ಪು ಅಕ್ಷರಗಳನ್ನು ಓದಬೇಕು. ‘ಸಿಕ್ತಾ?’ ಅಂತ ಸೋಫಾದಿಂದ ಪ್ರಶ್ನೆ. ಕಿಂಡಿಯ ಪಕ್ಕ ಸಂಸಾರ ಹೂಡಿದ್ದ ಹಲ್ಲಿ ಲೊಚಗುಟ್ಟುತ್ತದೆ. ಶಕುನ ಶುಭವೋ ಅಶುಭವೋ, ಮ್ಯಾನುಯಲ್ಲಿನಲ್ಲಿ ಬರೆದಿಲ್ಲ.

ಕಿಂಡಿ ಸಿಕ್ಕರೂ ಸದ್ದು ಬರಬೇಕಾದರೆ, ಪೆಟ್ಟಿಗೆಗಳು ಒಂದಕ್ಕೊಂದು ಆಜ್ಞೆ ಕಳಿಸಿಕೊಳ್ಳುವ ಸಿಇಸಿ ಎಂಬ ವ್ಯವಸ್ಥೆ ಆನ್ ಆಗಿರಬೇಕು. ಮೆನುವಿನಲ್ಲಿ ಆ ಹೆಸರೇ ಇರುವುದಿಲ್ಲ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎಂದಿತು, ಎಲ್‌ಜಿ ಸಿಂಪ್‌ಲಿಂಕ್ ಎಂದಿತು, ಸೋನಿ ಬ್ರಾವಿಯಾ ಸಿಂಕ್ ಎಂದಿತು. ಊರೂರಿಗೂ ಬೇರೆ ಹೆಸರಿನಲ್ಲಿ ನೆಲೆಸಿದ ಒಬ್ಬಳೇ ಅಮ್ಮನವರ ಹಾಗೆ. ಅಮ್ಮನವರಾದರೆ ಯಾವ ಹೆಸರಿನಿಂದ ಕೂಗಿದರೂ ಓಗೊಡುತ್ತಾಳೆ, ಇದು ಓಗೊಡುವುದಿಲ್ಲ.

ಇಷ್ಟಾದ ಮೇಲೂ ಟಿವಿಯ ಆಡಿಯೋ ಸೆಟ್ಟಿಂಗ್ ಪಿಸಿಎಂ ಎಂದಿದ್ದರೆ, ಐದು ಸ್ಪೀಕರಿಗೆ ದುಡ್ಡು ಸುರಿದವನಿಗೆ ಎಆರ್‌ಸಿಯಲ್ಲಿ ದಕ್ಕುವುದು ಎರಡು ಚಾನೆಲ್. ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಎಂದು ಬದಲಿಸಬೇಕು. ಈ ಒಂದು ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ‘ಅಟ್ಮಾಸ್ ಬೇಕಂದ್ರೆ ಇಎಆರ್‌ಸಿ ಇರೋ ಹೊಸ ಟಿವಿನೇ ತಗೋಬೇಕು ಸಾರ್’ ಎಂದು ಮಾತ್ರ ಎಲ್ಲರೂ ಹೇಳುತ್ತಾರೆ. ಅಟ್ಮಾಸ್ ಎಂದರೆ ತಲೆಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿಯ ವ್ಯವಸ್ಥೆ. ಓಟಿಟಿಯಲ್ಲಿ ಅದು ಸಾಮಾನ್ಯವಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಒತ್ತಿ ಕುಗ್ಗಿಸಿದ ರೂಪದಲ್ಲಿ. ಟಿವಿ ತಕರಾರು ಮಾಡದಿದ್ದರೆ ಹಳೆಯ ಎಆರ್‌ಸಿಗೇ ಅದನ್ನು ಹೊರುವ ತಾಕತ್ತಿದೆ. ಎಆರ್‌ಸಿಯ ಹೊಸ ಅವತಾರವಾದ ಇಎಆರ್‌ಸಿ ನಿಜಕ್ಕೂ ಬೇಕಾಗುವುದು ಬ್ಲೂರೇ ಡಿಸ್ಕಿನ, ಏನನ್ನೂ ಕಳೆದುಕೊಳ್ಳದ ಧ್ವನಿಗೆ. ನಿಮ್ಮ ಬೀದಿಯಲ್ಲಿ ಬ್ಲೂರೇ ಇಟ್ಟುಕೊಂಡವರು ಎಷ್ಟು ಜನ, ಎಣಿಸಿ ನೋಡಿ.

ಹೊಸ ಟಿವಿಯನ್ನೇ ತಂದಿರಿ ಎನ್ನೋಣ. ನೆಟ್‌ಫ್ಲಿಕ್ಸಿನಲ್ಲಿ ಅಟ್ಮಾಸ್ ಪ್ರೀಮಿಯಂ ಪ್ಲಾನಿಗೆ ಮಾತ್ರ, ಅದಕ್ಕೂ ಕಟ್ಟಿದಿರಿ. ರಾತ್ರಿ ಹತ್ತಕ್ಕೆ ಸಿನಿಮಾ ಹಾಕಿದರೆ ನಾಯಕಿಯ ಪಿಸುಮಾತು ಕೇಳಿಸದೆ ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಖಳನ ಕಾರು ಸಿಡಿದು ತೊಟ್ಟಿಲ ಮಗು ಎದ್ದು, ಮೇಲಿನ ಮನೆಯವರು ನೆಲ ಕುಟ್ಟುತ್ತಾರೆ. ಅದಕ್ಕೇ ರಿಮೋಟಿನಲ್ಲಿ ನೈಟ್ ಮೋಡ್ ಎಂಬ ಗುಂಡಿ ಕೊಟ್ಟಿದ್ದಾರೆ. ಪಿಸುಮಾತನ್ನು ಎತ್ತಿ, ಸ್ಫೋಟವನ್ನು ತಗ್ಗಿಸಿ, ಇಡೀ ಹೋಮ್ ಥಿಯೇಟರನ್ನು ಮಾಮೂಲಿ ಟಿವಿಯ ಮಟ್ಟಕ್ಕೆ ತಂದು ನಿಲ್ಲಿಸುವುದು ಅದರ ಕೆಲಸ. ಯಾರ ಲೈಸೆನ್ಸೂ ಕೇಳದೆ, ಒತ್ತಿದ ಮೊದಲ ಸಲಕ್ಕೇ ಕೆಲಸ ಮಾಡುವ ಗುಂಡಿ ಇಡೀ ಸೆಟ್ಟಿನಲ್ಲಿ ಅದೊಂದೇ.