ಲಿಫ್ಟಿನಲ್ಲಿ ನಮ್ಮ ಪಾಲು

47ನೇ ವಯಸ್ಸಿನಲ್ಲಿ ಮನೆ ಕೊಳ್ಳಹೊರಟವನು ಬ್ಯಾಂಕಿನವರ ಲೆಕ್ಕದಲ್ಲಿ ಆಗಲೇ ಮುದುಕ. 60ಕ್ಕೆ ನಿವೃತ್ತಿ, ಅಷ್ಟರೊಳಗೆ ಸಾಲ ತೀರಬೇಕು. ವರ್ಷ ಕಮ್ಮಿಯಾದಷ್ಟೂ ಕಂತು ಜಾಸ್ತಿ. ತಿಪಟೂರಿನ ಅಪ್ಪನ ಕಣ್ಣಿಗೋ ನಾನಿನ್ನೂ ಏನೂ ತಿಳಿಯದ ಹುಡುಗ.

ಅಪ್ಪನಿಗೆ ಹೋಗಿಬರುವವರನ್ನು ಮಾತಾಡಿಸಲು ಜಗಲಿ ಬೇಕು, ಅಮ್ಮನಿಗೆ ಸಂಡಿಗೆ ಒಣಗಿಸಲು ಬಿಸಿಲು, ಮಗಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ರೂಮು, ನನ್ನವಳಿಗೆ ಮೆಟ್ರೋ. ನನ್ನನ್ನು ಯಾರೂ ಕೇಳಲಿಲ್ಲ. ಕಂತು ಕಟ್ಟುವವನು ಹೇಗೂ ಆಫೀಸಿನಲ್ಲೇ ಇರುತ್ತಾನಲ್ಲ!

ಬೆಂಗಳೂರಿನ ಬ್ರೋಕರ್ ‘1,500 ಚದರಡಿ ಸಾರ್’ ಎಂದು ಫ್ಲಾಟು ತೋರಿಸಿದ. ಅಪ್ಪ ಹೆಜ್ಜೆ ಹಾಕಿ ಅಳೆದು, ‘ಉಳಿದ 400 ಎಲ್ಲಪ್ಪಾ?’ ಎಂದರು. ಲಿಫ್ಟು, ಮೆಟ್ಟಿಲು, ಲಾಬಿಯಲ್ಲೆಲ್ಲ ನಮ್ಮ ಪಾಲಿದೆಯಂತೆ. 2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾ ಹೇಳಬೇಕಲ್ಲವೇ ಎಂದು ನಾನು ಕಾನೂನು ತೆಗೆದೆ. ‘ಪೇಪರಲ್ಲಿ ಇರುತ್ತೆ ಸಾರ್’ ಎಂದ. ‘ಹಾಗಾದ್ರೆ ನಾನು ಲಿಫ್ಟಲ್ಲೇ ಮಲಗ್ತೀನಿ ಬಿಡು, ದುಡ್ಡು ಕೊಡ್ತೀವಲ್ಲ’ ಎಂದರು ಅಪ್ಪ.

ಅಷ್ಟರಲ್ಲಿ ವಾಚ್‌ಮನ್ ಅಮ್ಮನಿಗೆ, ಬಾಲ್ಕನಿಯಲ್ಲಿ ಏನೂ ಒಣಗಹಾಕುವಂತಿಲ್ಲ, ಅಸೋಸಿಯೇಷನ್ ರೂಲು ಎಂದುಬಿಟ್ಟ. ಸಂಡಿಗೆಯ ಜೊತೆ ಆ ಫ್ಲಾಟೂ ಹೋಯಿತು.

ನನಗೆ ದಿಗಿಲಾದದ್ದು ಅಲ್ಲಿನ ಬಚ್ಚಲು ನೋಡಿ. ಕನ್ನಡಿಯಂತೆ ಹೊಳೆಯುವ ಟೈಲ್ಸು, ಇಟಲಿಯದಂತೆ. ಜಾರಿದರೆ ವಿದೇಶಿ ನೆಲದ ಮೇಲೇ ಬೀಳುವ ಭಾಗ್ಯ. ಹಿಡಿದುಕೊಳ್ಳಲು ಗೋಡೆಗೊಂದು ಕಂಬಿಯಿಲ್ಲ. ಬಾಗಿಲು ತೆರೆಯುವುದು ಒಳಕ್ಕೆ. ಮಂಡಿನೋವಿನ ಅಮ್ಮ ಒಳಗೆ ಬಿದ್ದರೆ ಬಾಗಿಲಿಗೆ ಅವರೇ ಅಡ್ಡ; ಹೊರಗೆ ನಿಂತವರು ತಳ್ಳುವ ಹಾಗಿಲ್ಲ, ಒಡೆಯುವ ಹಾಗಿಲ್ಲ. ಮೂರು ಬೆಡ್‌ರೂಮಿನ ದುಡ್ಡು ವಸೂಲಿ ಮಾಡುವವರು ಇಷ್ಟು ಯೋಚಿಸಬಾರದೇ?

ಕೊನೆಗೆ ಸಾಲದ ಆಸೆ ಬಿಟ್ಟು ಬನಶಂಕರಿ ಕಡೆ 30-40 ಸೈಟಿನ ಕಟ್ಟಡವೊಂದರಲ್ಲಿ ಎರಡು ಮನೆ ಬಾಡಿಗೆಗೆ ಹಿಡಿದೆವು. ಕೆಳಗೆ ಅಪ್ಪ-ಅಮ್ಮ, ಮೇಲೆ ನಾವು. ಎರಡೆರಡು ಅಡ್ವಾನ್ಸು ಕೊಡುವಾಗ ಕೈ ನಡುಗಿದ್ದು ನಿಜ. ಆದರೆ ಗೇಟಿನ ಪಕ್ಕದ ಕಟ್ಟೆ ಅಪ್ಪನ ಜಗಲಿಯಾಗಿದೆ, ತಾರಸಿ ಅಮ್ಮನದಾಗಿದೆ. ಮಗಳು ನಮ್ಮ ಮೇಲೆ ಮುನಿದು ಚಿಲಕ ಹಾಕಿಕೊಳ್ಳುತ್ತಾಳೆ, ಹಸಿವಾದಾಗ ತೆಗೆದು ಅಜ್ಜಿಯ ಹತ್ತಿರ ಇಳಿದುಹೋಗುತ್ತಾಳೆ. ನಮಗೆ ಸಾಂಬಾರು ಮಾತ್ರ ಈಗಲೂ ಕೆಳಗಿನಿಂದಲೇ ಬರುತ್ತದೆ.

ನೀವೂ ಮನೆ ಹುಡುಕುತ್ತಿದ್ದರೆ ವಾಸ್ತು, ವ್ಯೂ ಎಲ್ಲ ಆಮೇಲೆ ನೋಡಿಕೊಳ್ಳಿ. ಮೊದಲು ಬಚ್ಚಲ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ನೋಡಿ. ಒಳಕ್ಕಿದ್ದರೆ ಓನರನ್ನು ಕೇಳಿ ಹೊರಕ್ಕೆ ಮಾಡಿಸಿಕೊಳ್ಳಿ. ನಮ್ಮಲ್ಲಿ ಬಡಗಿಗೆ ಅದು ಅರ್ಧ ದಿನದ ಕೆಲಸ.