ದೂರು ಬಂದಾಗ ಸಾಹುಕಾರರು ಅನುಸರಿಸತಕ್ಕ ಕ್ರಮ

ಈ ಕೈಪಿಡಿ ಗದಗ-ಬೆಟಗೇರಿಯ ಪ್ರೆಸ್ಸು, ಜಿನ್ನಿಂಗ್ ಫ್ಯಾಕ್ಟರಿ, ಸೊಸೈಟಿ, ಶಾಲೆಗಳ ಯಜಮಾನರಿಗೆ. ಲಕ್ಷ್ಮೇಶ್ವರ, ಶಿರಹಟ್ಟಿಯವರೂ ಧಾರಾಳವಾಗಿ ಬಳಸಬಹುದು.

ಹೆಣ್ಣುಮಗಳೊಬ್ಬಳು ಲೈಂಗಿಕ ಕಿರುಕುಳದ ದೂರು ಹಿಡಿದು ಬಾಗಿಲಲ್ಲಿ ನಿಂತರೆ, 'ಕೂಡಬೇ ತಂಗಿ, ನೀ ನಮ್ಮ ಮನಿಮಗಳಿದ್ದಂಗ' ಅನ್ನಿ. ಪಗಾರ ಹೆಚ್ಚು ಕೇಳಿದಾಗ ನೆನಪಾಗದ ಈ ನೆಂಟಸ್ತನ ಈಗ ಕೆಲಸಕ್ಕೆ ಬರುತ್ತದೆ. ಬರೆದು ತಂದಿಲ್ಲವೆ? 'ಬಾಯಿಮಾತಿಗೆ ಏನೂ ಮಾಡಾಕ ಬರೂದಿಲ್ಲ' ಎಂದುಬಿಡಿ. ಬರೆಯಲಾಗದವಳಿಗೆ ದೂರು ಕೇಳುವ ಸಮಿತಿಯೇ ನೆರವಾಗಿ ಬರೆಸಿಕೊಳ್ಳಬೇಕೆಂದು ಕೆಲಸದ ಜಾಗದ ಲೈಂಗಿಕ ಕಿರುಕುಳ ಕುರಿತ 2013ರ ಕಾಯ್ದೆ ಹೇಳುತ್ತದೆ. ಅದು ಅವಳ ಕಿವಿಗೆ ಬೀಳದಿರಲಿ.

'ಕಾನೂನು ಹೊಸದು, ಗೊತ್ತಿರಲಿಲ್ಲ' ಎಂಬ ಮಾತು ಮಾತ್ರ ಬೇಡ. ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ 1997ರಲ್ಲೇ ಇದೇ ವಿಷಯದ ಮೇಲೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪೂ ಬಂದಿದೆ.

ಈಗ ಸಮಿತಿ. ಹತ್ತು ಜನ ಕೆಲಸಕ್ಕಿದ್ದರೂ ಆಂತರಿಕ ಸಮಿತಿ ಮೊದಲೇ ಇರಬೇಕು: ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಆದ್ದರಿಂದ ಇವತ್ತೇ ರಚಿಸಿ, ಹಿಂದಿನ ತಾರೀಖು ಹಾಕಿ. ಹೊರಗಿನ ಸದಸ್ಯರು ಈ ವಿಷಯ ಬಲ್ಲವರಾಗಿರಬೇಕಂತೆ. ನಿಮ್ಮ ಷಡ್ಡಕರು ಒಮ್ಮೆ ಮಹಿಳಾ ದಿನಾಚರಣೆಯಲ್ಲಿ ಭಾಷಣ ಮಾಡಿದ್ದಾರಲ್ಲ, ಸಾಕು.

ವಿಚಾರಣೆ ನಿಮ್ಮ ಕ್ಯಾಬಿನ್ನಿನಲ್ಲೇ ನಡೆಯಲಿ. ಆರೋಪ ಹೊತ್ತ ಸೂಪರ್‌ವೈಸರ್ ಹಳೇ ನಂಬಿಗಸ್ಥ, ಖುರ್ಚಿ ಅವನಿಗೆ, ಅವಳು ನಿಂತಿರಲಿ. 'ಓವರ್‌ಟೈಮಿಗೆ ಯಾಕ ಒಬ್ಬಾಕೀನ ನಿಂತಿದ್ದಿ? ಅವತ್ತ ಯಾಕ ಹೇಳಲಿಲ್ಲ? ನಿನ್ನ ಗಂಡಗ ಗೊತ್ತೈತೇನು?' ಎಂದು ಅವಳನ್ನು ಕೇಳಿ. ಅವನಿಗೆ ಒಂದೇ ಪ್ರಶ್ನೆ: 'ಏನಪಾ, ಖರೇನು?' 'ಇಲ್ರೀ ಸಾಹುಕಾರ್ರ' ಅಂದನೆಂದರೆ ವಿಚಾರಣೆ ಮುಗಿಯಿತು. ದೂರಿನ ಪ್ರತಿಯನ್ನು ಏಳು ಕೆಲಸದ ದಿನಗಳೊಳಗೆ ಅವನಿಗೆ ಕಳಿಸಿ, ಉತ್ತರಕ್ಕೆ ಹತ್ತು ಕೆಲಸದ ದಿನ ಕೊಟ್ಟು, ಅಧ್ಯಕ್ಷೆ ಸೇರಿ ಮೂವರಾದರೂ ಕೂತು, ಇಬ್ಬರ ಸಾಕ್ಷಿಗಳನ್ನೂ ಕೇಳಿ, 90 ದಿನದಲ್ಲಿ ಮುಗಿಸಬೇಕೆಂಬುದು ಪುರುಸೊತ್ತಿದ್ದವರ ಪದ್ಧತಿ.

ಕೆಲವು ಯಜಮಾನರದು ಉಲ್ಟಾ ಶೌರ್ಯ. ಯಾರನ್ನೂ ಕೇಳದೆ ಸೂಪರ್‌ವೈಸರನನ್ನು ಸಂಜೆಯೊಳಗೆ ಹೊರಹಾಕಿ ಮೀಸೆ ತಿರುವುತ್ತಾರೆ. ಗೋವಾ ವಿಶ್ವವಿದ್ಯಾಲಯದ ಲೈಂಗಿಕ ಕಿರುಕುಳ ಪ್ರಕರಣವೊಂದರಲ್ಲಿ ಸಮಿತಿ ಅವಸರ ಮಾಡಿತೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆರೋಪಿಯ ವಜಾ ಆದೇಶವನ್ನೇ ರದ್ದುಮಾಡಿ, ವಿಚಾರಣೆಯನ್ನು ಮತ್ತೆ ಸಮಿತಿಗೇ ಒಪ್ಪಿಸಿತು. ವರ್ಷಗಟ್ಟಲೆ ಕಾದ ದೂರುದಾರರ ಪಾಡು ಏನಾಗಿರಬೇಕು! ಈ ಜಾಗದಲ್ಲಿ ಕೈಪಿಡಿ ಬರೆಯುವವನಿಗೂ ನಗು ಬರುವುದಿಲ್ಲ.

ರಾಜಿಗೆ ಬನ್ನಿ. ಅವಳೇ ಕೇಳಿಕೊಂಡರೆ ಮಾತ್ರ ರಾಜಿ, ಅದೂ ದುಡ್ಡಿನ ಮೇಲೆ ಆಗುವಂತಿಲ್ಲ ಎಂದಿದೆ ಕಾಯ್ದೆ. ನೀವು ಓಣಿಯ ಹಿರಿಯರನ್ನು ಕೂಡಿಸಿ, ಲಕೋಟೆ ಸರಿಸಿ, 'ಆಗಿದ್ದಾತು, ಮರ್ಯಾದಿ ಪ್ರಶ್ನೆ' ಎನ್ನಿಸಿ. ಯಾರ ಮರ್ಯಾದೆ ಎಂದು ಯಾರೂ ಕೇಳುವುದಿಲ್ಲ. ಒಪ್ಪದಿದ್ದರೆ ಅವಳನ್ನೇ ಮುಂಡರಗಿ ಶಾಖೆಗೆ ಹಾಕಿ. ಅವಳು ಬರೆದು ಕೇಳಿದರೆ ಅವನನ್ನೂ ವರ್ಗ ಮಾಡಬಹುದು, ಅವಳಿಗೆ ಮೂರು ತಿಂಗಳವರೆಗೆ ರಜೆಯನ್ನೂ ಕೊಡಬಹುದು ಎಂಬ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ಓದಿ.

ಸಾಬೀತಾಗದಿದ್ದರೆ 'ಸುಳ್ಳು ದೂರು' ಎಂದು ಮೆಮೊ ಕೊಡುವ ಆಸೆ ಸಹಜ. ಸಾಬೀತು ಮಾಡಲಾಗದ್ದೆಲ್ಲ ಸುಳ್ಳಲ್ಲ ಎಂದು ಕಾಯ್ದೆಯೇ ಬರೆದಿಟ್ಟು ಆ ಬಾಗಿಲು ಮುಚ್ಚಿದೆ.

ವಿ.ಸೂ.: ದೂರು ಸ್ವತಃ ನಿಮ್ಮ ಮೇಲೇ ಇದ್ದರೆ ಮೇಲಿನ ಯಾವ ಕ್ರಮವೂ ನಡೆಯದು. ಅದು ನೇರ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಹತ್ತು ಜನರಿಲ್ಲದ ಅಂಗಡಿಯವರ ದೂರೂ ಅಲ್ಲಿಗೇ. ಸಮನ್ಸ್ ನಿಮ್ಮ ಹೆಸರಿಗೆ ಬರುತ್ತದೆ. ವಕೀಲರನ್ನು ಕರೆದುಕೊಂಡು ಹೋಗುವಂತಿಲ್ಲ.